ಸಾಕವ್ವ, ಗುಲಾಬಿ ಮತ್ತು ಉಮಾಶ್ರೀ

‘ಗುಲಾಬಿ ಟಾಕೀಸ್’ ಚಿತ್ರದ ಅಭಿನಯಕ್ಕಾಗಿ ಉಮಾಶ್ರೀ ಅವರಿಗೆ 2007ರ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂದಾಗ, ಅವರನ್ನು ಬೆಳ್ಳಿತೆರೆಯ ಮೇಲಷ್ಟೇ ನೋಡಿದ್ದ ಎಷ್ಟೋ ಮಂದಿ ಹುಬ್ಬೇರಿಸಿದರು. ಎನ್.ಎಸ್. ರಾವ್ ಅವರಂಥ ನಟರ ಜೊತೆ ದ್ವಂದ್ವಾರ್ಥದ ಮಾತಾಡಿ ನಗಿಸುತ್ತಿದ್ದ ನಟಿಗೆ ಇಂಥ ಗೌರವವೇ ಎಂಬ ಅಚ್ಚರಿ ಅದು. ರಂಗಸಂಪದ ತಂಡದ ‘ಒಡಲಾಳ’ ನಾಟಕ ನೋಡಿದ್ದವರಿಗೆ ಆ ಅಚ್ಚರಿ ಆಗಿರಲಾರದು. ಅವರಿಗೆ ಅದು ತಡವಾಗಿ ಸಂದ ಬಾಕಿ.

ಉಮಾಶ್ರೀ ಅವರ ವೃತ್ತಿಜೀವನವನ್ನು ರಂಗಭೂಮಿಯ ಶ್ರೇಷ್ಠತೆ, ಸಿನಿಮಾದ ಕೀಳು ಹಾಸ್ಯ ಎಂದು ಎರಡು ಪಾಲು ಮಾಡಿ ನೋಡುವುದು ರೂಢಿಯಾಗಿದೆ. ಈ ವಿಂಗಡಣೆ ಸುಲಭದ್ದು, ಆದರೆ ಸರಿಯಾದದ್ದಲ್ಲ. ಎರಡೂ ಕಡೆ ದುಡಿದದ್ದು ಒಂದೇ ದನಿ, ಒಂದೇ ಮೈ, ಮಾತಿನ ಓಟದ ಮೇಲಿನ ಅದೇ ಹಿಡಿತ. ಬೇರೆಯಾದದ್ದು ಆ ಶಕ್ತಿಯಿಂದ ಏನನ್ನು ಕೇಳಲಾಯಿತು ಎಂಬುದು.

ದೇವನೂರ ಮಹಾದೇವ ಅವರ ಕಿರುಕಾದಂಬರಿ ‘ಒಡಲಾಳ’ವನ್ನು ನಿರ್ದೇಶಕ ಸಿಜಿಕೆ ರಂಗಕ್ಕೆ ತಂದಾಗ ಸಾಕವ್ವನಾಗಿ ನಿಂತವರು ಉಮಾಶ್ರೀ. ಕಳೆದುಹೋದ ಹುಂಜಕ್ಕಾಗಿ ಕೇರಿಯೆಲ್ಲ ಅಲೆಯುವ, ಸಿಕ್ಕವರನ್ನೆಲ್ಲ ಬಯ್ಯುವ ಮುದುಕಿ ಸಾಕವ್ವ. ನಟಿ ಆಗಿನ್ನೂ ಎಳೆ ಪ್ರಾಯದವರು. ವಯಸ್ಸಾದವಳಂತೆ ಬಾಗಿ ನಡೆಯುವುದು ಕಸರತ್ತಿನ ಕೆಲಸ, ಅಭ್ಯಾಸದಿಂದ ಬರುತ್ತದೆ. ಕಷ್ಟವಿರುವುದು ಬೈಗುಳದಲ್ಲಿ. ಸಾಕವ್ವನ ಬಯ್ಗುಳ ನೋಡುಗನನ್ನು ನಗಿಸಬೇಕು, ಆ ನಗುವಿನಡಿಯಲ್ಲಿ ಒಂದು ಹುಂಜವೇ ಆಸ್ತಿಯಾದ ಮನೆಯ ಹಸಿವೂ ಕೇಳಿಸಬೇಕು. ನಗುವಿನ ಕಡೆ ವಾಲಿದರೆ ಪಾತ್ರ ಅಗ್ಗವಾಗುತ್ತದೆ, ಅಳುವಿನ ಕಡೆ ವಾಲಿದರೆ ಕರುಣೆಗೆ ಕೈಚಾಚಿದಂತಾಗುತ್ತದೆ. ಕದ್ದು ತಂದ ಕಡ್ಲೆಕಾಯಿಯನ್ನು ರಾತ್ರಿಯಿಡೀ ತಿನ್ನುವ ಆ ಕುಟುಂಬಕ್ಕೆ ಬೇಕಿರುವುದು ಕರುಣೆಯಲ್ಲ. ಅವರ ಸಂಭ್ರಮಕ್ಕೆ ಅದರದೇ ಘನತೆಯಿದೆ. ಆ ಘನತೆಯನ್ನು ಗಟ್ಟಿ ಗಂಟಲಿನಲ್ಲೇ ಕಾಪಾಡಿದ್ದರಿಂದ ಸಾಕವ್ವ ಕನ್ನಡ ರಂಗಭೂಮಿಯ ನೆನಪಿನಲ್ಲಿ ಉಳಿದಳು.

ಇದೇ ಗಂಟಲನ್ನು ಸಿನಿಮಾ ಹೇಗೆ ಬಳಸಿಕೊಂಡಿತು? ಕಾಶೀನಾಥ್ ಅವರ ‘ಅನುಭವ’ (1984) ಉಮಾಶ್ರೀ ಅವರಿಗೆ ಹೆಸರು ತಂದುಕೊಟ್ಟಿತು. ಆ ಮೇಲೆ ಬಂದದ್ದು ಬಜಾರಿ, ಗಯ್ಯಾಳಿ, ಗಂಡನನ್ನು ಗದರಿಸುವ ಹೆಂಡತಿ, ಇವೇ ಅಚ್ಚಿನ ಪಾತ್ರಗಳ ಸಾಲು. ಆ ದೃಶ್ಯಗಳಲ್ಲೂ ಅವರ ಸಮಯಪ್ರಜ್ಞೆ ಚುರುಕಾಗಿದೆ. ಎದುರು ನಟನ ಮಾತು ಮುಗಿಯುವ ಮೊದಲೇ ಮುಖದಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಕೊರತೆ ಇದ್ದದ್ದು ಬರವಣಿಗೆಯಲ್ಲಿ. ಅಲ್ಲಿ ಹೆಣ್ಣಿನ ಜೋರು ಬಾಯಿ ನಗೆಯ ಸರಕಾಯಿತೇ ಹೊರತು, ಆ ಬಾಯಿ ಯಾಕೆ ಜೋರಾಯಿತು ಎಂದು ಯಾರೂ ಕೇಳಲಿಲ್ಲ. ಮುಂದೆ ತಾಯಿಯ ಪಾತ್ರಗಳು ಬಂದಾಗ ಹಾಸ್ಯದ ಜಾಗವನ್ನು ಕಣ್ಣೀರು ತೆಗೆದುಕೊಂಡಿತು. ಅಂಥ ಕೆಲವು ಚಿತ್ರಗಳಲ್ಲಿ ಅವರ ಅಭಿನಯ ಬೇಕಾದ್ದಕ್ಕಿಂತ ಒಂದು ಪಟ್ಟು ಮೇಲೇರುತ್ತದೆ ಎಂಬುದನ್ನೂ ಹೇಳಲೇಬೇಕು. ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟಿಸುವ ರಂಗಭೂಮಿಯ ಅಭ್ಯಾಸ, ಕ್ಯಾಮೆರಾ ಹತ್ತಿರ ಬಂದಾಗ ಭಾರವಾಗುತ್ತದೆ.

ಆ ಭಾರವನ್ನು ಪೂರ್ತಿ ಇಳಿಸಿದ್ದು ಗಿರೀಶ್ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’ನ ಗುಲಾಬಿ. ವೈದೇಹಿ ಅವರ ಕತೆಯ ಎಳೆಯಿಂದ ಹುಟ್ಟಿದ ಈ ಚಿತ್ರ ಕರಾವಳಿಯ ಮೀನುಗಾರರ ನಡುವೆ, ಕಾರ್ಗಿಲ್ ಯುದ್ಧದ ಹೊತ್ತಿನಲ್ಲಿ ನಡೆಯುತ್ತದೆ. ಗುಲಾಬಿ ಸಿನಿಮಾದ ಹುಚ್ಚಿರುವ ಸೂಲಗಿತ್ತಿ, ಗಂಡನಿಂದ ದೂರವಾದ ಮುಸ್ಲಿಂ ಹೆಂಗಸು. ಹೆರಿಗೆ ಮಾಡಿಸಿದ್ದಕ್ಕೆ ಸಿಕ್ಕ ಬಣ್ಣದ ಟಿವಿ, ಡಿಶ್ ಆಂಟೆನಾ ಅವಳ ಮನೆಗೆ ನೆರೆಯ ಹೆಂಗಸರನ್ನು ಕರೆತರುತ್ತವೆ. ಊರಿನಲ್ಲಿ ಕೋಮು ಅನುಮಾನ ಬೆಳೆದಾಗ ಅದೇ ಮನೆ ಒಂಟಿಯಾಗುತ್ತದೆ. ಇಲ್ಲಿ ಉಮಾಶ್ರೀ ಅವರ ಮುಖ್ಯ ಕೆಲಸ ನೋಡುವುದು, ಕೇಳಿಸಿಕೊಳ್ಳುವುದು, ಕಾಯುವುದು. ತೆರೆಯ ಮೇಲಿನ ಕತೆಗೆ ಮೈಮರೆತ ಹೆಂಗಸಿನ ಮುಖದಲ್ಲಿ ಮಗುವಿನ ಬೆರಗೂ ಬದುಕಿನಲ್ಲಿ ಸಿಗದ್ದರ ಹಸಿವೂ ಒಟ್ಟಿಗೇ ಕಾಣುತ್ತವೆ. ಊರು ತನ್ನನ್ನು ಹೊರಹಾಕುತ್ತಿದೆ ಎಂದು ಗುಲಾಬಿಗೆ ಅರ್ಥವಾಗುವುದೂ ನಿಧಾನವಾಗಿ. ನಟಿ ಆ ನಿಧಾನವನ್ನು ಅವಸರಿಸುವುದಿಲ್ಲ. ತಾನು ಮಾಡಿದ ತಪ್ಪೇನು ಎಂಬ ಗೊಂದಲವನ್ನು ಮುಖದಲ್ಲೇ ಉಳಿಸಿ, ಸಿಟ್ಟನ್ನು ನೋಡುಗನಿಗೆ ಬಿಡುತ್ತಾರೆ. ರಂಗಭೂಮಿಯಲ್ಲಿ ಪಳಗಿದವರು ಕ್ಯಾಮೆರಾ ಮುಂದೆ ಮೌನ ಕಲಿಯಲಾರರು ಎಂಬ ಮಾತಿಗೆ ಈ ಅಭಿನಯವೇ ಉತ್ತರ.

2013ರಲ್ಲಿ ತೇರದಾಳದಿಂದ ಶಾಸಕಿಯಾಗಿ, ಸಚಿವೆಯೂ ಆದ ವರ್ಷಗಳು ಅಭಿನಯಕ್ಕೆ ಬಿಡುವು ಕೊಟ್ಟವು. ಆಮೇಲೆ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ಅವರನ್ನು ಮತ್ತೆ ಮನೆಮನೆಗೆ ತಂದಿತು. ದಿನದಿನವೂ ಕಂತು ತುಂಬಿಸಬೇಕಾದ ಧಾರಾವಾಹಿಯಲ್ಲಿ ಪಾತ್ರ ಬೆಳೆಯುವುದಕ್ಕಿಂತ ಕಷ್ಟಗಳೇ ಬೆಳೆಯುತ್ತವೆ. ಆದರೂ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕನ ದುಡಿಮೆಗೆ ಅವರು ನಂಬಿಕೆ ತುಂಬಿದರು. ಅದಕ್ಕಿಂತ ಮಹತ್ವದ್ದು, ಬೇಲೂರು ರಘುನಂದನ್ ಬರೆದು ಚಿದಂಬರರಾವ್ ಜಂಬೆ ನಿರ್ದೇಶಿಸಿದ ಏಕವ್ಯಕ್ತಿ ನಾಟಕ ‘ಶರ್ಮಿಷ್ಠೆ’. ಹೆಸರೂ ಜನಪ್ರಿಯತೆಯೂ ದಕ್ಕಿದ ಮೇಲೆ, ಸಹನಟರ ಆಸರೆಯಿಲ್ಲದೆ ಇಡೀ ರಂಗವನ್ನು ಒಬ್ಬರೇ ತುಂಬಲು ಒಪ್ಪುವುದಕ್ಕೆ ಧೈರ್ಯ ಬೇಕು. ಆ ಧೈರ್ಯ ಬಂದದ್ದು ಅವರು ಹೊರಟ ಜಾಗದಿಂದಲೇ.

ಸಾಕವ್ವ ಮತ್ತು ಗುಲಾಬಿ, ಈ ಎರಡೇ ಪಾತ್ರ ಸಾಕು ಉಮಾಶ್ರೀ ಅವರನ್ನು ಕನ್ನಡದ ಮೊದಲ ಸಾಲಿನ ನಟರಲ್ಲಿ ನಿಲ್ಲಿಸಲು. ಆದರೆ ಇಷ್ಟು ವರ್ಷ ದುಡಿದ ಇಷ್ಟು ದೊಡ್ಡ ನಟಿಯ ಬಗ್ಗೆ ಹೇಳುವಾಗ ಮತ್ತೆ ಮತ್ತೆ ಇವೆರಡಕ್ಕೇ ಬರಬೇಕಾಗಿದೆ. ಈ ಕೊರತೆ ಅವರದಲ್ಲ, ನಮ್ಮ ಚಿತ್ರರಂಗದ್ದು. ನಡುವಯಸ್ಸು ದಾಟಿದ ಹೆಣ್ಣಿನ ಸುತ್ತ ಕತೆ ಕಟ್ಟಲು ಹಿಂಜರಿಯುವ ನಿರ್ಮಾಪಕರು, ಬರಹಗಾರರು ‘ಗುಲಾಬಿ ಟಾಕೀಸ್’ ಅನ್ನು ಇನ್ನೊಮ್ಮೆ ನೋಡಲಿ. ಉಮಾಶ್ರೀ ಇನ್ನೂ ರಂಗದ ಮೇಲಿದ್ದಾರೆ. ಅವರಿಗೆ ತಕ್ಕ ಪಾತ್ರ ಬರೆಯಲು ಈಗಲೂ ಹೊತ್ತು ಮೀರಿಲ್ಲ.