ಪಾಳು ಕೋಟೆಯ ಕೆಳಗೆ ದ್ರಾಕ್ಷಾರಸದ ಜಾತ್ರೆ

ಜರ್ಮನಿಯ ಮೋಸೆಲ್ ನದಿ ದಂಡೆಯಲ್ಲಿ ಬೆರ್ನ್‌ಕಾಸ್ಟೆಲ್-ಕೂಸ್ ಎಂಬ ಪುಟ್ಟ ಊರು. ಗುಡ್ಡದ ನೆತ್ತಿಯಲ್ಲಿ 1692ರಲ್ಲಿ ಬೆಂಕಿಗೆ ಆಹುತಿಯಾದ ಲಾಂಡ್ಸ್‌ಹೂಟ್ ಕೋಟೆ, ಅದರ ಕೆಳಗೆ ಪ್ರತಿ ಸೆಪ್ಟೆಂಬರಿನ ಮೊದಲ ವಾರಾಂತ್ಯ ವೈನ್ ಜಾತ್ರೆ. ಭಾನುವಾರದ ಮೆರವಣಿಗೆ, ‘ಮೋಸೆಲ್ಲಾ’ ಎಂಬ ವೈನ್ ರಾಣಿ ಎಲ್ಲ ಸೊಗಸೇ. ಆದರೆ ನನ್ನ ಮನಸ್ಸು ನಿಲ್ಲುವುದು ಲೋಟದಲ್ಲಿರುವ ರೀಸ್ಲಿಂಗ್ ಎಂಬ ವೈನ್ ಮೇಲೆ.

ತಿಳಿಹಳದಿ ಬಣ್ಣ, ಅಂಚಿನಲ್ಲಿ ಹಸಿರಿನ ಛಾಯೆ. ಮೂಗಿಗೆ ಹಸಿರು ಸೇಬಿನ ಪರಿಮಳ, ನಾಲಿಗೆಗೆ ಮೊದಲು ಚುರುಕು ಹುಳಿ, ಹಿಂದೆಯೇ ಮೆಲ್ಲನೆ ಸಿಹಿ. ಈ ರುಚಿಯ ತವರು ದ್ರಾಕ್ಷಿ ಬೆಳೆಯುವ ಕಡಿದಾದ ಇಳಿಜಾರು. ನೆಲದ ತುಂಬ ಸ್ಲೇಟು ಕಲ್ಲಿನ ಚಕ್ಕೆಗಳು. ಹಗಲೆಲ್ಲ ಹೀರಿದ ಬಿಸಿಲನ್ನು ರಾತ್ರಿ ಬಳ್ಳಿಗೆ ಮರಳಿಸುತ್ತವೆ. ಅಷ್ಟು ಚಳಿ ಸೀಮೆಯಲ್ಲೂ ಹಣ್ಣು ಮಾಗುವುದಕ್ಕೆ ಈ ಕಲ್ಲಿನ ಆಸರೆ ದೊಡ್ಡದು. ಯಂತ್ರ ಹತ್ತದ ಕಡೆ ಕೊಯ್ಲೆಲ್ಲ ಕೈಯಲ್ಲೇ. ಬೆನ್ನು ಬಗ್ಗಿಸಿ ದುಡಿದ ಆ ಜನಕ್ಕೆ ನನ್ನ ನಮಸ್ಕಾರ.

ಊರಿಗೆ ಅಂಟಿಕೊಂಡೇ ಸುಮಾರು 3 ಹೆಕ್ಟೇರಿನ ‘ಡಾಕ್ಟರ್’ ತೋಟವಿದೆ. ಕಾಯಿಲೆ ಬಿದ್ದ ಟ್ರಿಯರ್‌ನ ಆರ್ಚ್‌ಬಿಷಪ್ ಬೋಮುಂಡ್ ಇಲ್ಲಿಯ ವೈನ್ ಕುಡಿದು ಎದ್ದು ಕೂತನಂತೆ. ದಂತಕಥೆಯೇ ಇರಲಿ, ಹೆಸರು ಉಳಿದಿದೆ.

ಶನಿವಾರ ರಾತ್ರಿ ಬಾಣಬಿರುಸು ಹಾರಿದಾಗ ಕೋಟೆಯ ಮುರುಕು ಗೋಡೆಗಳು ಕೆಂಪಾಗಿ ಬೆಳಗುತ್ತವೆ, ಕೆಳಗೆ ನದಿಯೂ.