ಪಹಣಿ ನೋಡಿದ್ದು ಯಾರು?

ನಮ್ಮ ಕಸುಬಿನಲ್ಲಿ 'ಯೂಸರ್ ಜರ್ನಿ' ಅಂತ ಒಂದು ಪದ ಇದೆ. ಬಳಕೆದಾರನ ಪಯಣ ಅಂತ ಕನ್ನಡಕ್ಕೆ ತಂದರೆ ಯಾರೋ ಕಾಶಿಗೆ ಹೊರಟಂಗೆ ಕೇಳಿಸುತ್ತದೆ. ವಿಷಯ ಅಷ್ಟು ದೊಡ್ಡದಲ್ಲ. ವೆಬ್‌ಸೈಟಿಗೋ ಆ್ಯಪಿಗೋ ಬಂದವರು ಮೊದಲು ಯಾವ ಪುಟ ತೆರೆದರು, ಎಲ್ಲಿ ಒತ್ತಿದರು, ಎಲ್ಲಿ ತಡವರಿಸಿದರು, ಯಾವ ಪುಟದಿಂದ ಎದ್ದು ಹೋದರು ಅನ್ನೋ ಲೆಕ್ಕ ಅಷ್ಟೆ. ಹತ್ತು ಜನ ಬಂದು ಮೂರೇ ಜನ ಕೊನೆ ಮುಟ್ಟಿದರೆ ಅದನ್ನು ಆಲಿಕೆಯ ಆಕಾರದಲ್ಲಿ ಬರೆದು 'ಫನಲ್' ಅಂತೀವಿ. ಸೋರಿಕೆ ಎಲ್ಲಿದೆ ಹುಡುಕಿ ಅಲ್ಲಿಗೆ ತೇಪೆ ಹಾಕೋದು ಕೆಲಸ. ನನ್ನ ಅನ್ನ ಇದರಲ್ಲೇ ಇದೆ, ಹಾಗಾಗಿ ಬೈಯೋದಕ್ಕೆ ಸ್ವಲ್ಪ ಅಧಿಕಾರವೂ ಇದೆ ಅಂದುಕೊಂಡಿದ್ದೇನೆ.

ಈ ಲೆಕ್ಕವೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ. ಒಂದು ಪರದೆ, ಅದರ ಮುಂದೆ ಒಬ್ಬ ಮನುಷ್ಯ, ಅವನು ಮಾಡ್ತಿರೋದು ಅವನದೇ ಕೆಲಸ. ಸೋಫಾ ಮೇಲೆ ಕೂತು ಶೂ ಕೊಳ್ಳೋರ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸೈಬರ್ ಸೆಂಟರಿನಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಅರ್ಧ ಗಂಟೆ ಬೆಂಚಿನ ಮೇಲೆ ಕೂತು ನೋಡಿ, ಈ ನಂಬಿಕೆ ಉಳಿಯುತ್ತಾ ಅಂತ. ಒತ್ತೋ ಬೆರಳು ಒಬ್ಬರದು, ಜಮೀನು ಇನ್ನೊಬ್ಬರದು, ಓಟಿಪಿ ಬರೋ ಮೊಬೈಲು ಮೂರನೆಯವರದು.

ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತಿರೋ ಪುಟ ಅಂದರೆ 'ಭೂಮಿ'ಯ ಪಹಣಿ ಪುಟ. ಅದನ್ನೇ ತಗೊಳ್ಳೋಣ. ಮೊದಲು ಜಿಲ್ಲೆ ಆರಿಸಬೇಕು. ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮ. ಆಮೇಲೆ ಸರ್ವೆ ನಂಬರ್ ಟೈಪ್ ಮಾಡಬೇಕು. ಅಲ್ಲಿಗೆ ಮುಗೀತು ಅಂದುಕೊಂಡರೆ 'ಸರ್ನಾಕ್' ಅಂತ ಒಂದು ಖಾನೆ ಕಣ್ಣು ಬಿಡುತ್ತದೆ. ಇದು ಸರ್ವೆ ನಂಬರಿನ ಬಾಲಕ್ಕೆ ಅಂಟಿಕೊಂಡ ಗುರುತು. ಬಹುಪಾಲು ಕಡೆ ಅಲ್ಲಿರೋದು ಬರೀ ಒಂದು ನಕ್ಷತ್ರ ಚಿಹ್ನೆ, ಅದನ್ನೇ ಆರಿಸಬೇಕು. ಇರೋದೇ ಒಂದು ಆಯ್ಕೆ ಆದರೂ ಯಾಕೆ ಕೇಳ್ತಾರೆ ಅಂತ ನನ್ನನ್ನು ಕೇಳಬೇಡಿ. ಆಮೇಲೆ ಹಿಸ್ಸಾ, ಅವಧಿ, ವರ್ಷ. ಒಟ್ಟು ಒಂಬತ್ತು ಮೆಟ್ಟಿಲು. ತಲಕಾವೇರಿಯಲ್ಲಿ ಹುಟ್ಟಿ ಸಂಗಮ ಮುಟ್ಟೋ ಹೊತ್ತಿಗೆ ಕಾವೇರಿಯೂ ಇಷ್ಟು ಸಲ ತನ್ನ ವಿಳಾಸ ಹೇಳಿರಲಿಕ್ಕಿಲ್ಲ.

ಜಮೀನಿನ ಯಜಮಾನನಿಗೆ ಆ ಜಮೀನು ಹೇಗೆ ಗೊತ್ತು? "ಸರ್ವೆ ನಂಬರ್ ಎಷ್ಟು ತಾತ?" ಅಂತ ಹುಡುಗ ಕೇಳ್ತಾನೆ. "ಅದೇ ಕಣ್ ಮಗ, ಕೆರೆ ಕೋಡಿ ತಾವ ಐತಲ್ಲ, ನಮ್ಮಪ್ಪನ ಭಾಗುಕ್ ಬಂದಿದ್ದು" ಅಂತ ಉತ್ತರ. ತಾತ ತಪ್ಪು ಹೇಳಿಲ್ಲ. ಅವನ ತಲೆಯಲ್ಲಿರೋ ನಕ್ಷೆ ಕೋಡಿ, ಹುಣಸೆಮರ, ಅಣ್ಣತಮ್ಮಂದಿರ ಬದು ಇವುಗಳಿಂದ ಶುರುವಾಗುತ್ತದೆ. ಪುಟದ ನಕ್ಷೆ ಜಿಲ್ಲೆಯಿಂದ ಶುರುವಾಗುತ್ತದೆ, ಯಾಕೆಂದರೆ ಕಂದಾಯ ಇಲಾಖೆ ತನ್ನ ಕಡತಗಳನ್ನು ಜೋಡಿಸಿಟ್ಟಿರೋದು ಹಾಗೆ. ಕಚೇರಿಯ ಬೀರುವನ್ನು ತಂದು ಪರದೆ ಮೇಲೆ ಇಟ್ಟಿದ್ದಾರೆ. ಒಳ್ಳೆ ಬೀರುವೇ, ಆದರೆ ಬೀರು.

ಈಗ ಲೆಕ್ಕದ ಕನ್ನಡಕ ಹಾಕಿಕೊಂಡು ಇದೇ ದೃಶ್ಯ ನೋಡೋಣ. ಇವತ್ತು ಹೆಚ್ಚು ಬಳಕೆಯಲ್ಲಿರೋ ಗೂಗಲ್ ಅನಲಿಟಿಕ್ಸ್ ಶುರುವಾಗಿದ್ದು 2005ರಲ್ಲಿ. 2023ರ ಜುಲೈನಲ್ಲಿ ಅದರ ಹಳೆ ರೂಪ ನಿಂತು ಜಿಎ4 ಮಾತ್ರ ಉಳಿಯಿತು. ಅದರ ಪ್ರಕಾರ ನೀವು 10 ಸೆಕೆಂಡಿಗಿಂತ ಹೆಚ್ಚು ನಿಂತರೆ, ಅಥವಾ ಎರಡು ಪುಟ ತೆರೆದರೆ, ನಿಮ್ಮದು 'ತೊಡಗಿಕೊಂಡ' ಭೇಟಿ. 30 ನಿಮಿಷ ಏನೂ ಒತ್ತದೇ ಇದ್ದರೆ ಭೇಟಿ ಮುಗೀತು, ಆಮೇಲೆ ಒತ್ತಿದ್ದು ಹೊಸ ಭೇಟಿ.

ತಾತನ ಹತ್ತಿರ ಹಳೇ ಪಹಣಿ ಇದೆ ಅನ್ನಿ. ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ಪಾಸ್‌ಬುಕ್ ಜೊತೆ ನಾಲ್ಕು ಮಡಿಕೆ ಮಾಡಿ ಇಟ್ಟಿರೋದು. ಹುಡುಗ ಅದನ್ನು ನೋಡಿ ಟಪಟಪ ಟೈಪ್ ಮಾಡ್ತಾನೆ. ಒಂಬತ್ತು ಮೆಟ್ಟಿಲು, ಒಂದೇ ನಿಮಿಷ. ವರದಿಯಲ್ಲಿ ಇದು ಹೂವಿನಂಥ ಪಯಣ. ಹಳೇ ಪಹಣಿ ಇಲ್ಲದ ಇನ್ನೊಬ್ಬರು ಬರ್ತಾರೆ. ಸರ್ವೆ ನಂಬರ್ ಅಂದಾಜಿಗೆ ಗೊತ್ತು, ಹಿಸ್ಸಾ ಗೊತ್ತಿಲ್ಲ. ಹುಡುಗ ಒಂದನೇ ಹಿಸ್ಸಾ ತೆಗೀತಾನೆ, ಹೆಸರು ಬೇರೆ. ಎರಡು, ಮೂರು, ನಾಲ್ಕು. ಕತ್ತಲಲ್ಲಿ ತಡಕಾಡಿದಂಗೆ. ವರದಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಬಹಳ ಪುಟ, ಬಹಳ ಹೊತ್ತು, ಬಹಳ 'ತೊಡಗಿಕೊಂಡ' ಬಳಕೆದಾರ! ಹಿಂದಿಂದೆಯೇ ಮೂರನೆಯವರು ಬಂದರೆ, ಕಂಪ್ಯೂಟರ್ ಅದೇ ಆದ್ದರಿಂದ, ಮೂವರೂ ಸೇರಿ ಒಬ್ಬರೇ. ಆ ಒಬ್ಬರಿಗೆ ಮೂರೂರಲ್ಲಿ ಜಮೀನು.

ಸಿಟ್ಟನ್ನೂ ಅಳೆಯುವ ಉಪಕರಣಗಳಿವೆ. ಮೈಕ್ರೋಸಾಫ್ಟ್‌ನ ಕ್ಲಾರಿಟಿ ಒಂದೇ ಜಾಗದಲ್ಲಿ ಪಟಪಟ ಒತ್ತಿದ್ದನ್ನು ಗುರುತಿಸಿ 'ರೇಜ್ ಕ್ಲಿಕ್' ಅಂತ ತೋರಿಸುತ್ತದೆ. ಸೈಬರ್ ಸೆಂಟರಿನ ಹುಡುಗನಿಗೆ ಸಿಟ್ಟು ಬರಲ್ಲ. ಯಾವಾಗ ಸರ್ವರ್ ನಿಲ್ಲುತ್ತೆ, ಎಲ್ಲಿ ಎರಡು ಸಲ ಒತ್ತಬೇಕು, ಎಲ್ಲಿ ಕಾಯಬೇಕು ಅವನಿಗೆ ಬಾಯಿಪಾಠ. ಸಿಟ್ಟು ಇರೋದು ಬೆಂಚಿನ ಮೇಲೆ, ಅರ್ಧ ದಿನದ ಕೂಲಿ ಬಿಟ್ಟು ಬಂದವರಲ್ಲಿ. ಬೆಂಚಿಗೆ ಮೌಸ್ ಇಲ್ಲ.

ಓಟಿಪಿ ಕತೆ ಇನ್ನೂ ಒಂದು ಕೈ ಮೇಲೆ. ಅರ್ಜಿ ಹಾಕೋ ಹೆಂಗಸಿನ ಆಧಾರಿಗೆ ಜೋಡಿಸಿರೋದು ಮಗನ ನಂಬರು. ಮಗ ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ಶಿಫ್ಟಿನಲ್ಲಿದ್ದಾನೆ. ಇಲ್ಲಿಂದ ಫೋನು, "ನಂಬರ್ ಬಂದೈತಾ ನೋಡ್ಲಾ ಮಗ". ಅವನು ನೋಡಿ ಹೇಳೋ ಹೊತ್ತಿಗೆ ಅದರ ಆಯುಸ್ಸು ಮುಗಿದಿರುತ್ತದೆ. 2023ರಲ್ಲಿ ಗೃಹಲಕ್ಷ್ಮಿಗೆ ಅರ್ಜಿ ಹಾಕೋ ಕಾಲದಲ್ಲಿ ಗ್ರಾಮ ಒನ್ ಮುಂದೆ ಸಾಲು ನಿಂತವರಿಗೆ ಇಂಥ ಫೋನುಗಳು ಗೊತ್ತು. ನಮ್ಮ ಫನಲ್ಲಿನಲ್ಲಿ ಇದು 'ಓಟಿಪಿ ಪುಟದಲ್ಲಿ ಸೋರಿಕೆ'. ನಮ್ಮಂಥ ತಂಡಗಳು ಸಾಮಾನ್ಯವಾಗಿ ಬರೆಯೋ ಔಷಧಿ: 'ಮತ್ತೆ ಕಳುಹಿಸಿ' ಬಟನ್ ದೊಡ್ಡದು ಮಾಡಿ. ತಾಯಿ ಒಂದು ಊರಲ್ಲಿ, ಮೊಬೈಲು ಇನ್ನೊಂದು ಊರಲ್ಲಿ ಅನ್ನೋದು ಯಾವ ಚಾರ್ಟಿನಲ್ಲೂ ಬರಲ್ಲ.

ಇದೇನು ನಾನು ಕಂಡುಹಿಡಿದ ಹೊಸ ವಿಷಯ ಅಲ್ಲ. ಬೆಂಗಳೂರಿನ ಎರಡು ಕೊಳೆಗೇರಿಗಳಲ್ಲಿ ಓಡಾಡಿ ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರು 2010ರಲ್ಲೇ ಬರೆದರು: ಬಡವರ ಮಧ್ಯೆ ತಂತ್ರಜ್ಞಾನ ಹೆಚ್ಚಾಗಿ ನಡೆಯೋದು ಇನ್ನೊಬ್ಬರ ಕೈಯಿಂದ, ಹಾಗಾಗಿ 'ಬಳಕೆದಾರ' ಅಂದರೆ ಯಾರು ಅಂತ ಮತ್ತೆ ಯೋಚಿಸಬೇಕು ಅಂತ. ಬೆಂಗಳೂರಿನದೇ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ಇಂದ್ರಾಣಿ ಮೇಧಿ ಓದು ಬಾರದವರಿಗಾಗಿ ಅಕ್ಷರವಿಲ್ಲದ ಪರದೆಗಳನ್ನು ಮಾಡಿ ನೋಡಿದರು. ಅವರ ತಂಡಕ್ಕೆ 2013ರ ಹೊತ್ತಿಗೆ ಸಿಕ್ಕ ಒಂದು ಉತ್ತರ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಕವಲು ಕವಲಾಗಿ ಇಳಿಯುವ ಮೆನುಗಿಂತ ಒಂದೇ ಉದ್ದನೆಯ ಪಟ್ಟಿ ಇಂಥವರಿಗೆ ಸುಲಭ. ಅಂದರೆ ಕಷ್ಟ ಅಕ್ಷರದ್ದಷ್ಟೇ ಅಲ್ಲ, ಒಂದರೊಳಗೆ ಒಂದು ಡಬ್ಬಿ ಇಡೋ ನಮ್ಮ ಇಂಜಿನಿಯರ್ ಬುದ್ಧಿಯದ್ದೂ ಹೌದು. ಇಬ್ಬರ ಕೆಲಸವೂ ಬೆಂಚಿನ ಪಕ್ಕದಲ್ಲಿ ಕೂತು ಆದದ್ದು, ಡ್ಯಾಶ್‌ಬೋರ್ಡ್ ನೋಡಿ ಅಲ್ಲ.

'ದಿಶಾಂಕ್' ಆ್ಯಪನ್ನು ನಾನು ಹೊಗಳೋದು ಇದೇ ಕಾರಣಕ್ಕೆ. ರಾಜ್ಯದ ದೂರಸಂವೇದಿ ಕೇಂದ್ರ ಮಾಡಿದ್ದು. ಹೊಲದಲ್ಲಿ ನಿಂತು ಒತ್ತಿದರೆ ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ಬೀರುವಿನ ಮೇಲಿನ ಖಾನೆಯಿಂದ ಕೆಳಗಿಳಿಯೋ ಬದಲು ಕಾಲ ಕೆಳಗಿನ ಮಣ್ಣಿನಿಂದ ಶುರು. ತಾತನ ನಕ್ಷೆಗೆ ಇದು ಹತ್ತಿರ. ಬದುವಿನ ಅಂಚಿನಲ್ಲಿ ಜಿಪಿಎಸ್ ನಾಲ್ಕು ಮೀಟರ್ ಅತ್ತಿತ್ತ ಆಗೋದು ಇದ್ದೇ ಇದೆ, ಅಷ್ಟು ಸಾಕು ದಾಯಾದಿಗಳ ಜಗಳಕ್ಕೆ. ಆದರೂ ದಾರಿ ಸರಿ.

ಒಂದು ಕಹಿ ಮಾತನ್ನೂ ಹೇಳಬೇಕು. ದಿಶಾಂಕ್, ಭೂಮಿ ಎರಡನ್ನೂ ನೀರು ಕುಡಿದಂಗೆ ಬಳಸೋರನ್ನು ನಾನು ನೋಡಿರೋದು ಬಿಡದಿ, ಹಾರೋಹಳ್ಳಿ ಕಡೆ ಜಮೀನು ವ್ಯವಹಾರಕ್ಕೆ ಬರೋ ಬ್ರೋಕರ್‌ಗಳಲ್ಲಿ. ಕಾರಿನಲ್ಲಿ ಕೂತೇ ಯಾರ ಹೆಸರಲ್ಲಿದೆ, ಸಾಲ ಇದೆಯಾ, ಎಷ್ಟು ಗುಂಟೆ ಎಲ್ಲ ನೋಡಿಬಿಡ್ತಾರೆ. ಭೂಮಿ ಯೋಜನೆಯಿಂದ ಬೆಂಗಳೂರಿನ ಸುತ್ತ ದೊಡ್ಡ ಕೈಗಳಿಗೆ ಜಮೀನು ಹಿಡಿಯೋದು ಸಲೀಸಾಯಿತು ಅಂತ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ ವಾದಿಸಿದ್ದರು. ನಮ್ಮ ಲೆಕ್ಕದಲ್ಲಿ ಇಂಥವರೇ 'ಪವರ್ ಯೂಸರ್'. ದಿನಾ ಬರ್ತಾರೆ, ಎಲ್ಲೂ ಎಡವಲ್ಲ. ಅಂಕಿ ನೋಡಿ ಪುಟ ತಿದ್ದುತ್ತಾ ಹೋದರೆ ಅದು ಇವರಿಗೆ ಇನ್ನಷ್ಟು ನುಣುಪಾಗುತ್ತದೆ. ಜಮೀನಿನ ಯಜಮಾನ ವರ್ಷಕ್ಕೊಮ್ಮೆ ಬೆಳೆ ಸಾಲಕ್ಕೋ ಪರಿಹಾರಕ್ಕೋ ಬರೋನು, ಅದೂ ಬೇರೆಯವರ ಕಂಪ್ಯೂಟರಿನಲ್ಲಿ. ಸರಾಸರಿಯಲ್ಲಿ ಅವನು ಇಲ್ಲವೇ ಇಲ್ಲ.

ತಮಾಷೆ ಅಂದರೆ ಇದನ್ನು ಇಪ್ಪತ್ತು ವರ್ಷಕ್ಕೂ ಹಿಂದೆ ಇದೇ ಭೂಮಿಯವರೇ ಯೋಚಿಸಿದ್ದರು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ, 2001ರ ಹೊತ್ತಿಗೆ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಪಹಣಿ ಕೊಡೋಕೆ ಶುರು ಮಾಡಿದಾಗ, ಕೌಂಟರಿನಲ್ಲಿ ಎರಡು ಪರದೆ ಇಡೋ ವ್ಯವಸ್ಥೆ ಇತ್ತು. ಒಂದು ನೌಕರನಿಗೆ, ಇನ್ನೊಂದು ರೈತನ ಕಡೆಗೆ ಮುಖ ಮಾಡಿದ್ದು. ಏನು ಟೈಪ್ ಆಗ್ತಿದೆ ಅಂತ ಅವನೂ ನೋಡಲಿ ಅಂತ. ಒತ್ತೋನು ಬೇರೆ, ಕೆಲಸ ಇರೋನು ಬೇರೆ, ಇಬ್ಬರಿಗೂ ಪರದೆ ಬೇಕು ಅನ್ನೋ ತಿಳಿವಳಿಕೆ ಆ ಒಂದು ಅಗ್ಗದ ಮಾನಿಟರಿನಲ್ಲಿತ್ತು. ಮನೆಯಿಂದಲೇ ಪಹಣಿ ನೋಡಿ ಅಂತ ವೆಬ್‌ಸೈಟ್ ಬಂದ ಮೇಲೆ ಕೌಂಟರು ಸೈಬರ್ ಸೆಂಟರಿಗೆ ವರ್ಗವಾಯಿತು. ಎರಡನೇ ಪರದೆ ವರ್ಗವಾಗಲಿಲ್ಲ.

ಹಾಗಂತ ಅಳೆಯೋದು ಬಿಡಿ ಅಂತ ಹೇಳ್ತಿಲ್ಲ. ಬೇರೆಯದನ್ನು ಅಳೆಯಿರಿ. ಮೊದಲ ಪುಟದಲ್ಲೇ 'ನಿಮಗಾಗಿಯೋ, ಬೇರೆಯವರಿಗಾಗಿಯೋ' ಅಂತ ಒಂದು ಪ್ರಶ್ನೆ ಇಟ್ಟರೆ ಅರ್ಧ ಸತ್ಯ ಹೊರಬರುತ್ತದೆ. ಬೇರೆಯವರಿಗಾಗಿ ಅಂದರೆ ಕೊನೆಯಲ್ಲಿ ಹೆಸರು, ವಿಸ್ತೀರ್ಣ ಎರಡನ್ನೇ ದಪ್ಪ ಕನ್ನಡ ಅಕ್ಷರದಲ್ಲಿ ಪರದೆ ತುಂಬ ತೋರಿಸಿ, ಹುಡುಗ ಮಾನಿಟರ್ ತಿರುಗಿಸಿದರೆ ಬೆಂಚಿನಿಂದಲೇ ಕಾಣಲಿ. ಒಂದೇ ಸರ್ವೆ ನಂಬರಿನ ಪಹಣಿಯನ್ನು ವಾರದಲ್ಲಿ ಮೂರು ಸಲ ತೆಗೆದಿದ್ದರೆ ಅದನ್ನು ಜನಪ್ರಿಯತೆ ಅನ್ನಬೇಡಿ. ಯಾರೋ ತಪ್ಪು ಕಾಗದ ಹಿಡಿದು ಬ್ಯಾಂಕಿಗೂ ಸೈಬರ್ ಸೆಂಟರಿಗೂ ಅಲೆದಿರಬಹುದು, ಹೋಗಿ ವಿಚಾರಿಸಿ.

ಸದ್ಯಕ್ಕೆ ಒಂದು ಪರೀಕ್ಷೆ ಮುಂದಿದೆ. ಕನಕಪುರದ ಎಪ್ಪತ್ತರ ರೈತನೊಬ್ಬ ಊರು ಬಿಟ್ಟು ಕದಲದೇ ನಾಲ್ಕು ಜಿಲ್ಲೆ ಕಂಡಿದ್ದಾನೆ. ಹುಟ್ಟಿದ್ದು ಬೆಂಗಳೂರು ಜಿಲ್ಲೆ, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಅದನ್ನು ಬೆಂಗಳೂರು ದಕ್ಷಿಣ ಅಂತ ಮಾಡಲು ಒಪ್ಪಿತು. ಬೆಂಗಳೂರು ದಕ್ಷಿಣ ಅನ್ನೋ ಹೆಸರಿನ ತಾಲ್ಲೂಕು ಮೊದಲಿಂದಲೂ ಬೆಂಗಳೂರು ನಗರ ಜಿಲ್ಲೆಯೊಳಗಿದೆ, ಮಾಗಡಿ ರಸ್ತೆಯ ತಾವರೆಕೆರೆ ಅದರದೇ ಹೋಬಳಿ. ಮೊದಲನೇ ಖಾನೆಯಲ್ಲಿ ಜಿಲ್ಲೆಯಾಗಿ ಒಂದು ಬೆಂಗಳೂರು ದಕ್ಷಿಣ, ಬೆಂಗಳೂರು ನಗರ ಆರಿಸಿದರೆ ಎರಡನೇ ಖಾನೆಯಲ್ಲಿ ತಾಲ್ಲೂಕಾಗಿ ಇನ್ನೊಂದು. ಸೈಬರ್ ಸೆಂಟರಿನ ಹುಡುಗರು ಇದನ್ನು ಎರಡು ದಿನದಲ್ಲಿ ಅಭ್ಯಾಸ ಮಾಡ್ಕೋತಾರೆ, ಹಿಂದಕ್ಕೆ ಒತ್ತಿದವರ ಸಂಖ್ಯೆ ವಾರದಲ್ಲಿ ಇಳಿಯುತ್ತದೆ, ಯಾರೋ ಒಬ್ಬರು ಮೀಟಿಂಗಿನಲ್ಲಿ ಆ ಇಳಿಜಾರಿನ ಗೆರೆ ತೋರಿಸ್ತಾರೆ. ಸ್ವಂತ ಮೊಬೈಲಿನಲ್ಲಿ ಮೊದಲ ಸಲ ತಾನೇ ಪ್ರಯತ್ನಪಟ್ಟು, ಪಟ್ಟಿಯಲ್ಲಿ ರಾಮನಗರ ಹುಡುಕಿ ಸಿಗದೆ ಮುಚ್ಚಿಟ್ಟವರು ಎಷ್ಟು ಜನ ಅಂತ ಆ ಮೀಟಿಂಗಿನಲ್ಲಿ ಕೇಳೋಕೆ ಒಬ್ಬರು ಇರಬೇಕು.