ರಹೀಮ್ ಸಾಹೇಬರ ಕಾಲ್ಚೆಂಡಿನ ಪಾಠ

ಯಾದಗಿರಿ, ಶಹಾಪುರ, ಸುರಪುರಗಳು ಗುಲಬರ್ಗಾ ಜಿಲ್ಲೆಯೊಳಗಿದ್ದು ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, ಉನ್ನತ ವಿದ್ಯೆಯನ್ನು ಬಯಸಿದ ಇಲ್ಲಿನ ತರುಣನಿಗೆ ಸಂಸ್ಥಾನದೊಳಗೆ ದೊರೆಯುತ್ತಿದ್ದ ವಿಶ್ವವಿದ್ಯಾಲಯವೆಂದರೆ, 1918ರಲ್ಲಿ ಸ್ಥಾಪಿತವಾಗಿ ಉರ್ದುವಿನಲ್ಲಿ ಬೋಧಿಸುತ್ತಿದ್ದ ಉಸ್ಮಾನಿಯಾ ಒಂದೇ. ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಹಳೆಯ ವಿದ್ಯಾರ್ಥಿಗಳೂ ಕೂಡಿ ಕಟ್ಟಿಕೊಂಡಿದ್ದ ‘ಇಲೆವೆನ್ ಹಂಟರ್ಸ್’ ಎಂಬ ಕಾಲ್ಚೆಂಡಿನ ತಂಡದಲ್ಲಿ ಆಡಿ, ಅನಂತರ ಶಾಲೆಗಳಲ್ಲಿ ಉಪಾಧ್ಯಾಯವೃತ್ತಿಯನ್ನು ಕೈಕೊಂಡು, ಕಡೆಗೆ ಭಾರತದ ತಂಡಕ್ಕೇ ಶಿಕ್ಷಕರಾದವರು ಸೈಯದ್ ಅಬ್ದುಲ್ ರಹೀಮರು. ಅವರ ಕೀರ್ತಿಯನ್ನು ಗೆದ್ದ ಬಟ್ಟಲುಗಳಿಂದ ಅಳೆಯುವುದು ವಾಡಿಕೆಯಾಗಿದೆ. 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ, ಅವರ ಶಿಕ್ಷಣದಲ್ಲಿದ್ದ ಹೈದರಾಬಾದು ಸಿಟಿ ಪೊಲೀಸ್ ತಂಡವು ರೋವರ್ಸ್ ಕಪ್ಪನ್ನು ಗೆದ್ದುದೂ, 1951ರಲ್ಲಿ ದಿಲ್ಲಿಯಲ್ಲಿಯೂ 1962ರಲ್ಲಿ ಜಕಾರ್ತದಲ್ಲಿಯೂ ಭಾರತಕ್ಕೆ ಏಷ್ಯಾದ ಕ್ರೀಡೆಗಳ ಸುವರ್ಣಪದಕ ದೊರೆತುದೂ ಅಲ್ಪವೆಂದು ಯಾರೂ ಹೇಳಲಾರರು. ಆದರೆ ವಿಮರ್ಶೆಗೆ ಯೋಗ್ಯವಾದುದು ಫಲಕ್ಕಿಂತ ಹೆಚ್ಚಾಗಿ ಆ ಫಲವನ್ನು ಕೊಟ್ಟ ಪದ್ಧತಿ. ಏಕೆಂದರೆ ಅದು ಶಾಲೆಯ ಮಾಸ್ತರರೊಬ್ಬರ ಪದ್ಧತಿ, ಧನಿಕ ಸಂಸ್ಥೆಗಳಿಗಿಂತಲೂ ಬಡ ಕಾಲೇಜಿನ ಹನ್ನೊಂದು ಹುಡುಗರಿಗೆ ಹೆಚ್ಚು ಒಪ್ಪುವಂತಹುದು.

ರಹೀಮರು ಏರ್ಪಡಿಸುತ್ತಿದ್ದ ಪಂದ್ಯಾವಳಿಗಳಲ್ಲಿ ಒಂದರಲ್ಲಿ ಡ್ರಿಬ್ಲಿಂಗ್, ಎಂದರೆ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವುದು, ನಿಷಿದ್ಧ. ಇನ್ನೊಂದರಲ್ಲಿ ಆಟಗಾರನು ತನ್ನ ದುರ್ಬಲವಾದ ಪಾದದಿಂದಲೇ ಚೆಂಡನ್ನು ಒದೆಯತಕ್ಕದ್ದು. ಇವು ಮೇಲ್ನೋಟಕ್ಕೆ ವಿನೋದದ ನಿಯಮಗಳಂತೆ ತೋರಿದರೂ, ಉಪದೇಶವು ನಿಷ್ಫಲವಾಗುವ ಎಡೆಯಲ್ಲಿ ನಿಯಮವು ಹೇಗೆ ಸಫಲವಾಗುವುದೆಂಬುದನ್ನು ಅರಿತವನಿಗಲ್ಲದೆ ಹೊಳೆಯುವಂತಹವಲ್ಲ. ಚೆಂಡನ್ನು ಬೇಗನೆ ಸಂಗಡಿಗನಿಗೆ ಕೊಡು ಎಂದು ನೂರು ಸಲ ಹೇಳಿದರೂ ಕೇಳದ ಹುಡುಗನು, ಕೊಡದಿದ್ದರೆ ತಪ್ಪಾಗುವುದೆಂದು ತಿಳಿದ ಕ್ಷಣದಿಂದ, ಚೆಂಡು ತನ್ನ ಬಳಿಗೆ ಬರುವುದಕ್ಕೆ ಮೊದಲೇ ತಲೆಯೆತ್ತಿ ನೋಡತೊಡಗುತ್ತಾನೆ. ನೋಡತೊಡಗಿದವನಿಗೆ ಬಯಲು ಹಿರಿದಾಗುತ್ತದೆ. ಸುರಪುರದ ಸೀಮೆಯ ಗರಡಿಯಲ್ಲಿ ವಸ್ತಾದನು ಪೈಲವಾನನ ಬಲಗೈಯನ್ನು ಹೊಗಳದೆ ಎಡಗೈಯನ್ನು ದುಡಿಸುವಂತೆ, ಇಲ್ಲಿಯೂ ನ್ಯೂನತೆಗೇ ಅಭ್ಯಾಸದ ಬಹುಭಾಗ ಸಲ್ಲುತ್ತಿತ್ತು.

ನಮ್ಮ ನೆಲವನ್ನು ಬಲ್ಲವರಿಗೆ ಈ ಶಿಕ್ಷಣದ ಬೆಲೆ ಇನ್ನೂ ಸ್ಪಷ್ಟವಾಗಿ ತಿಳಿಯುತ್ತದೆ. ಶಹಾಪುರದ ಎರೆಹೊಲಗಳ ಮಣ್ಣು ಮಳೆಗಾಲದಲ್ಲಿ ಅಂಗಾಲಿಗೆ ಅಂಟಿ ಹೆಜ್ಜೆ ಕೀಳಗೊಡದು; ಬೇಸಗೆಯಲ್ಲಿ ಬಿರುಕುಬಿಟ್ಟು ಚೆಂಡನ್ನು ಎತ್ತಲೋ ಚಿಮ್ಮಿಸುವುದು. ಇಂತಹ ನೆಲದಲ್ಲಿ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವವನ ಚಾತುರ್ಯವನ್ನು ಮಣ್ಣೇ ಕಸಿದುಕೊಳ್ಳುತ್ತದೆ. ನೆಲಕ್ಕೆ ತಾಗಿ ಹೋಗುವ ಪಾಸೂ ಅಲ್ಲಿ ದಾರಿ ತಪ್ಪುವುದು ನಿಜ. ಆದುದರಿಂದಲೇ ಬಂದ ಚೆಂಡನ್ನು ಯಾವ ಪಾದಕ್ಕೆ ಬಂದರೂ ಒಂದೇ ಸ್ಪರ್ಶದಲ್ಲಿ ಸ್ವಾಧೀನಪಡಿಸಿಕೊಳ್ಳಬಲ್ಲವನು ಬೇಕು. ಅಂತಹವನನ್ನು ತಯಾರಿಸಲು ಹುಲ್ಲುಹಾಸು ಬೇಕಿಲ್ಲ, ಒಂದು ಚೆಂಡೂ ಒಂದು ಕಟ್ಟುನಿಟ್ಟಾದ ನಿಯಮವೂ ಸಾಕು.

ಡ್ರಿಬ್ಲಿಂಗನ್ನು ನಿಷೇಧಿಸುವುದರಿಂದ ಆಟದ ಸೊಬಗೇ ನಾಶವಾಗದೆ, ಹನ್ನೊಂದು ಜನ ಯಂತ್ರದ ಹಲ್ಲುಗಳಾಗರೆ ಎಂಬ ಆಕ್ಷೇಪವನ್ನು ನಾನು ಲಘುವಾಗಿ ತಳ್ಳಿಹಾಕಲಾರೆ. ಆದರೆ ಅದಕ್ಕೆ ಉತ್ತರವಾಗಿ ತುಳಸಿದಾಸ್ ಬಲರಾಮರಿದ್ದಾರೆ. ಸಿಕಂದರಾಬಾದಿನ ಬಡ ಮನೆತನದ ಆ ಹುಡುಗನನ್ನು ಗುರುತಿಸಿ, ಅಭ್ಯಾಸಕ್ಕೆ ಬರಲು ಸೈಕಲ್ಲಿನ ಬಾಡಿಗೆಗೆ ತಾವೇ ಹಣ ಕೊಟ್ಟ ರಹೀಮರು, ಚೆಂಡಿನೊಡನೆ ಅವನಿಗಿದ್ದ ಸಹಜವಾದ ಸಲಿಗೆಯನ್ನು ಕುಂದಿಸಲಿಲ್ಲ. ಜಕಾರ್ತದಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗರನ್ನು ಮುಂಚೂಣಿಗೆ ನಿಲ್ಲಿಸಿ, ದಕ್ಷಿಣ ಕೊರಿಯದ ಮೇಲಿನ 2-1ರ ಅಂತಿಮ ಪಂದ್ಯದಲ್ಲಿ ಅವರಿಂದಲೇ ಒಂದು ಗೋಲನ್ನು ಹೊಡೆಸಿದ ಶಿಕ್ಷಕನು ನಿಯಮದ ದಾಸನೆಂದು ಹೇಳುವುದು ಅನ್ಯಾಯ. ನಿಯಮವು ಅಭ್ಯಾಸದ ಬಯಲಿಗೆ, ವಿವೇಕವು ಪಂದ್ಯಕ್ಕೆ ಎಂಬ ಭೇದವನ್ನು ಅವರು ಬಲ್ಲವರಾಗಿದ್ದರು.

ಹೆಲ್ಸಿಂಕಿಯ ಒಲಿಂಪಿಕ್ಸಿನ ವಿಷಯದಲ್ಲಿ ಇಷ್ಟು ಉದಾರವಾಗುವುದು ಸಾಧ್ಯವಿಲ್ಲ. 1952ರಲ್ಲಿ ಅವರದೇ ಶಿಕ್ಷಣದಲ್ಲಿದ್ದ ತಂಡವು ಯುಗೊಸ್ಲಾವಿಯದೆದುರು 10-1ರಿಂದ ಸೋತಿತು. ನಮ್ಮವರಲ್ಲಿ ಅನೇಕರು ಬೂಟಿಲ್ಲದೆ ಆಡಿದ್ದರು. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನರು. ಪಾದದ ನೈಪುಣ್ಯವೊಂದನ್ನೇ ನಂಬಿ, ಶೀತದೇಶದ ತೇವದ ನೆಲದ ಸ್ವಭಾವವನ್ನು ಗಣಿಸದೆ ಹೋದುದು ದೋಷವೇ ಸರಿ, ಅದರಲ್ಲಿ ಶಿಕ್ಷಕರಿಗೂ ಪಾಲಿದೆ. ನಾಲ್ಕು ವರ್ಷಗಳ ತರುವಾಯ ಮೆಲ್ಬರ್ನಿನಲ್ಲಿ ಬೂಟು ತೊಟ್ಟ ತಂಡವು ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ, ಒಲಿಂಪಿಕ್ಸಿನ ಉಪಾಂತ್ಯ ಪಂದ್ಯಕ್ಕೇರಿದ ಏಷ್ಯಾದ ಪ್ರಥಮ ತಂಡವಾದುದು ಆ ದೋಷಕ್ಕೆ ಅವರು ಮಾಡಿಕೊಂಡ ಪರಿಹಾರ. ಅದು ನಡೆದುದು 1956ರ ಡಿಸೆಂಬರ್ 1ರಂದು. ಸರಿಯಾಗಿ ಒಂದು ತಿಂಗಳ ಹಿಂದೆ, ನವೆಂಬರ್ 1ರಂದು, ಯಾದಗಿರಿ ಸೀಮೆಯು ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ್ದಿತು. ಆ ತಂಡದಲ್ಲಿ ಹೈದರಾಬಾದಿನ ನೂರ್ ಮಹಮ್ಮದ್, ಅಜೀಜ್, ಬಲರಾಮರೊಡನೆ ಮೈಸೂರಿನ ಕೆಂಪಯ್ಯನವರೂ ಇದ್ದರು. ಆ ಚಳಿಗಾಲದಲ್ಲಿ ಈ ಸೀಮೆಯ ಹುಡುಗನೊಬ್ಬನು ಇಬ್ಬಗೆಯವರನ್ನೂ ನಮ್ಮವರೆಂದು ಕರೆದಿದ್ದರೆ ತಪ್ಪಾಗುತ್ತಿರಲಿಲ್ಲ.

ನನ್ನ ದೊಡ್ಡ ಆಕ್ಷೇಪ ಉಳಿದಿರುವುದು ಬೇರೆಡೆ. ಇಷ್ಟು ಸುಲಭವ್ಯಯದ ಪದ್ಧತಿಯು, ಅದು ಹೆಚ್ಚು ಅವಶ್ಯವಾಗಿದ್ದ ಜಿಲ್ಲೆಗಳನ್ನು ಬಿಟ್ಟು, ಹೈದರಾಬಾದು ಸಿಕಂದರಾಬಾದುಗಳ ಸುತ್ತಲೇ ಬೆಳೆಯಿತು. ಹೆಸರಾದ ಆಟಗಾರರು ಅವಳಿ ನಗರಗಳವರು, ಅವರಿಗೆ ಅನ್ನವಿತ್ತ ತಂಡ ನಗರದ ಪೊಲೀಸಿನದು. ಒಬ್ಬ ಮನುಷ್ಯನ ಉಸಿರನ್ನೇ ಆಶ್ರಯಿಸಿದ್ದ ವಿದ್ಯೆಗೆ ಆತನ ಆಯುಸ್ಸೇ ಮಿತಿಯಾಯಿತು: ರಹೀಮರು 1963ರ ಜೂನ್ 11ರಂದು ಕ್ಯಾನ್ಸರಿನಿಂದ ತೀರಿಕೊಂಡರು, ಜಕಾರ್ತದ ತರುವಾಯ ಏಷ್ಯಾದ ಕ್ರೀಡೆಗಳಲ್ಲಿ ಕಾಲ್ಚೆಂಡಿನ ಸುವರ್ಣವು ಭಾರತಕ್ಕೆ ಮತ್ತೆ ದೊರೆಯಲಿಲ್ಲ. ದುರ್ಬಲ ಪಾದದ ಪಂದ್ಯಾವಳಿಯನ್ನು ತಾಲ್ಲೂಕಿಗೊಂದರಂತೆ ನಡೆಸಲು ಶಿಷ್ಯರನ್ನು ಸಜ್ಜುಗೊಳಿಸಿ ಕಳುಹಿಸಿದ್ದರೆ, ಸುರಪುರದ ಬೆಟ್ಟದ ಬುಡದಲ್ಲಿಯೂ ಭೀಮೆಯ ದಡದಲ್ಲಿಯೂ ಎರಡೂ ಕಾಲುಗಳಿಂದ ಆಡಬಲ್ಲ ಹುಡುಗರು ಆ ಕಾಲದಲ್ಲಿಯೇ ಸಿದ್ಧರಾಗುತ್ತಿದ್ದರು.